ಬಾಗಿಲಲ್ಲಿ ಕೂತವಳು

ನಮ್ಮ ಮನೆಯಲ್ಲಿ ದೇವರನ್ನು ಕರೆಯುವ ಮೊದಲು ಚಿಲಕ ಹಾಕಬೇಕಿತ್ತು. ರಾಜಗೋಪಾಲನಗರದ ಆ ಶೀಟಿನ ಮನೆಗೆ ಇದ್ದದ್ದೇ ಒಂದು ಹಾಲು, ಒಂದು ಅಡುಗೆಮನೆ, ನಡುವೆ ನಾವೆಲ್ಲ ಮಲಗುತ್ತಿದ್ದ ಕತ್ತಲೆ ಕೋಣೆ. ಗೋಡೆಗೆ ಅಂಟಿಕೊಂಡೇ ಒಂದು ಲೇತ್ ವರ್ಕ್‌ಶಾಪು. ಅಲ್ಲಿ ಕಬ್ಬಿಣ ಕೊರೆಯುವಾಗ ನಮ್ಮ ಪಾತ್ರೆ ಸ್ಟ್ಯಾಂಡಿನ ತಟ್ಟೆಗಳು ತಾವಾಗಿಯೇ ಗಲಗಲ ಅನ್ನುತ್ತಿದ್ದವು. ಭಾನುವಾರ ಲೇತ್ ಸುಮ್ಮನಿರುತ್ತಿತ್ತು, ಆ ಹೊತ್ತಿಗೆ ನಮ್ಮ ಹಾಲು ಚರ್ಚಾಗುತ್ತಿತ್ತು. ವಾರವೆಲ್ಲ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ದುಡಿಯುತ್ತಿದ್ದ ಅಪ್ಪ ಅವತ್ತು ಬಿಳಿ ಶರ್ಟು ತೊಟ್ಟು ಉಪದೇಶಿಯಾಗುತ್ತಿದ್ದರು. ಉಪದೇಶಿಯೆಂದರೆ ಪಾದ್ರಿಯಲ್ಲ. ಹಾಡು ಹೇಳಿಸಬಹುದು, ಬೈಬಲಿನ ವಾಕ್ಯ ಓದಿ ನಾಲ್ಕು ಮಾತಾಡಬಹುದು, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡಬಹುದು, ಅಷ್ಟೆ. ಯೇಸುವಿನ ಕೊನೆಯ ಊಟದ ನೆನಪಿಗೆ ಮಾಡುವ ಪ್ರಭುಭೋಜನದ ರೊಟ್ಟಿ ಮುರಿದು ಕೊಡುವ ಹಕ್ಕು ಸಿಟಿಯ ಚರ್ಚ್ ಆಫೀಸಿನಿಂದ ಬರುತ್ತಿದ್ದ ಪಾದ್ರಿ ಅಯ್ಯನವರದ್ದು. ಅವರು ತಿಂಗಳಿಗೊಮ್ಮೆ ಬರಬೇಕಿತ್ತು, ಮನಸ್ಸಾದಾಗ ಬರುತ್ತಿದ್ದರು.

ಸಭೆಗೆ ಬಂದವರು ಚಪ್ಪಲಿಗಳನ್ನು ಹೊರಗೆ ಬಿಡುವಂತಿರಲಿಲ್ಲ. ರಾಶಿ ಚಪ್ಪಲಿ ಕಂಡರೆ ಬೀದಿಯವರಿಗೆ ಗೊತ್ತಾಗುತ್ತದೆಂದು ಅವನ್ನು ಕತ್ತಲೆ ಕೋಣೆಯ ಮಂಚದ ಕೆಳಗೆ ಸಾಲಾಗಿ ಜೋಡಿಸುವುದು ನನ್ನ ಕೆಲಸ. ಅಮ್ಮ ಕಿಟಕಿ ಮುಚ್ಚುವಳು. ಅಪ್ಪ ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ ಜಡಿದು, "ಕಣ್ ಮುಚ್ಚಿ ಪ್ರಾರ್ಥಿಸೋಣ" ಅನ್ನುವರು. ಶೀಟು ಕಾದು ಮೇಲಿನಿಂದ ಬೇಯುತ್ತಿದ್ದೆವು, ಬೆವರಿನ ವಾಸನೆಗೆ ಹಾಡು ಗಂಟಲಲ್ಲೇ ನಿಲ್ಲುತ್ತಿತ್ತು. ಇಷ್ಟಕ್ಕೆಲ್ಲ ಕಾರಣ, ಹಿಂದೊಮ್ಮೆ ಏರಿಯಾದ ಕೆಲವು ಹುಡುಗರು ಬಂದು, ಇಲ್ಲಿ ಜನರನ್ನು ಮತಾಂತರ ಮಾಡುತ್ತಿದ್ದಾರೆಂದು ಕೂಗಾಡಿ ಬಾಗಿಲಿಗೆ ಒದ್ದು ಹೋಗಿದ್ದು. ನಮ್ಮ ತಾತನ ಕಾಲದಿಂದ ಕ್ರೈಸ್ತರಾದ ನಮ್ಮನ್ನು ಯಾರು ಯಾವ ಮತಕ್ಕೆ ಅಂತರ ಮಾಡಬೇಕಿತ್ತೋ ಗೊತ್ತಿಲ್ಲ. ಮರುದಿನ ಮನೆ ಓನರ್ ಗಂಗಣ್ಣ ಬಂದು ಜಗಲಿಯ ಮೇಲೆ ಕೂತು ಹೇಳಿದ್ದು ಇಷ್ಟು.

"ದಾಸಪ್ಪ, ನೀನು ಒಳ್ಳೆಯವ್ನೇ ಕಣಪ್ಪ, ನಂಗೇನ್ ಗೊತ್ತಿಲ್ವಾ. ಆದ್ರೆ ಸೌಂಡು ಆಚೆ ಬರಬಾರ್ದು ನೋಡು. ಬಾಗ್ಲು ಹಾಕ್ಕೊಂಡು ಏನ್ ಬೇಕಾದ್ರೂ ಮಾಡ್ಕೊ."

ಕಳ್ಳತನ ಮಾಡುವವರಿಗೆ ಹೇಳುವ ಮಾತು ಅದು. ಅಪ್ಪ "ಆಯ್ತು ಗಂಗಣ್ಣ" ಅಂದು ಕಾಫಿ ಕೊಡಿಸಿ ಕಳಿಸಿದರು. ಅಮ್ಮ ಒಳಗೆ ಪಾತ್ರೆ ಕುಕ್ಕಿದ ಸದ್ದು ಮಾತ್ರ ಆಚೆ ಬೀದಿಗೂ ಕೇಳಿಸಿರಬೇಕು.

ಅಂಥ ಮನೆಗೆ, ಬಾಗಿಲು ಮುಚ್ಚಲು ಒಪ್ಪದ ಜನ ಬಂದರು. ಶ್ರೀಲಂಕಾದ ಯುದ್ಧದಿಂದ ಜೀವ ಉಳಿಸಿಕೊಂಡು ದೋಣಿ ಹತ್ತಿ, ತಮಿಳುನಾಡಿನ ಕ್ಯಾಂಪುಗಳಲ್ಲಿ ವರ್ಷಗಟ್ಟಲೆ ಕೊಳೆತು, ಯಾರದೋ ಪರಿಚಯ ಹಿಡಿದು ಪೀಣ್ಯಕ್ಕೆ ಕೆಲಸ ಹುಡುಕಿ ಬಂದ ಒಂದಿಷ್ಟು ಕುಟುಂಬಗಳು. ಬಾಗಲಗುಂಟೆಯ ವಠಾರಗಳಲ್ಲಿ, ರಾಯಚೂರು ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಪಕ್ಕದ ಕೋಣೆಗಳಲ್ಲಿ ಬಾಡಿಗೆಗಿದ್ದರು. ಹೆಂಗಸರು ಗಾರ್ಮೆಂಟ್ಸಿಗೆ ಹೋಗುತ್ತಿದ್ದರು, ಗಂಡಸರು ಕಬ್ಬಿಣಕ್ಕೆ ಲೇಪ ಹಾಕುವ ಪ್ಲೇಟಿಂಗ್ ಯೂನಿಟ್ಟುಗಳಲ್ಲಿ ಆಸಿಡ್ಡಿನ ತೊಟ್ಟಿಗಳ ಮುಂದೆ ನಿಲ್ಲುತ್ತಿದ್ದರು. ಅವರಲ್ಲಿ ಕ್ರೈಸ್ತರಾದವರು ವಿಚಾರಿಸಿಕೊಂಡು ನಮ್ಮ ಸಭೆಗೆ ಬಂದರು. ಅವರಿಗೆ ಕನ್ನಡ ಬಾರದು, ಅಪ್ಪನಿಗೆ ತಮಿಳು ಬಾರದು. ಅಮ್ಮ ಕೋಲಾರದ ಚಿನ್ನದ ಗಣಿಯ ಲೈನು ಮನೆಯಲ್ಲಿ ತಮಿಳರ ನಡುವೆ ಹುಟ್ಟಿ ಬೆಳೆದವಳು, ಅವಳಿಗೆ ಎರಡೂ ಒಂದೇ. ಹೀಗೆ, ಅದುವರೆಗೂ ಸಭೆಯ ದಿನ ಉಪ್ಪಿಟ್ಟು ಕೆದಕಿಕೊಂಡಿದ್ದ ಅಮ್ಮ ಇದ್ದಕ್ಕಿದ್ದ ಹಾಗೆ ಅಪ್ಪನ ಪಕ್ಕ ನಿಂತು ಮಾತು ತಿರುಗಿಸಿ ಹೇಳುವವಳಾದಳು.

ಬಂದವರಲ್ಲಿ ತವಮಣಿ ಅಕ್ಕ ಎಂಬುವರಿದ್ದರು. ಒಣಕಲು ಮೈ, ಎಣ್ಣೆ ಹಾಕಿ ಬಿಗಿದ ಕೂದಲು, ಮಾತು ಕಡಿಮೆ. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದರು. ಮೊದಲ ಭಾನುವಾರವೇ ಅಪ್ಪ ಎರಡೂ ಚಿಲಕ ಜಡಿದು ತಿರುಗುವಷ್ಟರಲ್ಲಿ ಅವರು ಎದ್ದುಹೋಗಿ ಎರಡನ್ನೂ ತೆಗೆದು, ಬಾಗಿಲನ್ನು ಗೋಡೆಗೆ ತಾಗುವ ಹಾಗೆ ಅಗಲಿಸಿ, ಹೊಸ್ತಿಲಿಗೆ ಒತ್ತಿ ಕೂತುಬಿಟ್ಟರು. ನಮ್ಮ ಸಭೆಯವರು ಗರ ಬಡಿದವರಂತೆ ನೋಡಿದರು. ಅಪ್ಪ ಬೆವರು ಒರೆಸಿಕೊಂಡು ಅಮ್ಮನ ಕಡೆ ತಿರುಗಿದರು.

"ಏನಂತೆ ಅವ್ರಿಗೆ? ಬಾಗ್ಲು ತೆಗುದ್ರೆ ಗಂಗಣ್ಣ ಮನೆ ಖಾಲಿ ಮಾಡುಸ್ತಾನೆ ಅಂತ ಯೋಳು."

ಅಮ್ಮ ಹೇಳಿದಳು. ತವಮಣಿ ಅಕ್ಕ ತಮಿಳಿನಲ್ಲಿ ಏನೋ ಮೆಲ್ಲಗೆ ಅಂದರು. ಅಮ್ಮ ಅದನ್ನು ಅಪ್ಪನಿಗೆ ಕನ್ನಡದಲ್ಲಿ ತಿರುಗಿಸಿದಳು.

"ನೀವೆಲ್ಲ ಕಣ್ಣು ಮುಚ್ಕೊಳ್ಳಿ, ನಾನು ನೋಡ್ಕೋತೀನಿ ಅಂತಿದಾರೆ ಕಣ್ರೀ. ಯಾರಾದ್ರೂ ಬಂದ್ರೆ ಹೇಳ್ತಾರಂತೆ."

ಅವತ್ತು ನಮ್ಮ ಮನೆಯಲ್ಲಿ ಮೊದಲ ಸಲ ಗಾಳಿ ಆಡುವ ಪ್ರಾರ್ಥನೆ ನಡೆಯಿತು. ನಾನು ಕಣ್ಣು ಮುಚ್ಚದೆ ಆ ಹೆಂಗಸನ್ನೇ ನೋಡುತ್ತಿದ್ದೆ. ತುಟಿ ಅಲ್ಲಾಡುತ್ತಿತ್ತು, ಕಣ್ಣು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿತ್ತು. ಯಾರೂ ಬರಲಿಲ್ಲ. ಒಂದು ನಾಯಿ ಬಂತು, ಅದನ್ನು ಕೈಸನ್ನೆಯಲ್ಲೇ ಓಡಿಸಿದರು. ಆಮೇಲಿನ ಸಭೆಗಳಿಗೂ ಬಾಗಿಲು ತೆರೆದೇ ಇತ್ತು, ಹಾಡಿನ ದನಿ ತಗ್ಗಿಸಿದ್ದರಿಂದ ಗಂಗಣ್ಣ ತಕರಾರು ತೆಗೆಯಲಿಲ್ಲ.

ಕಾರಣ ತಿಳಿದದ್ದು ಅಡುಗೆಮನೆಯಲ್ಲಿ. ಸಭೆ ಮುಗಿದ ಮೇಲೆ ತವಮಣಿ ಅಕ್ಕ ಅಮ್ಮನಿಗೆ ಕೈ ಜೋಡಿಸುತ್ತಿದ್ದರು. ಈಳಿಗೆಮಣೆ ಅವರದ್ದು, ಒಲೆ ಅಮ್ಮನದ್ದು. ತೆಂಗಿನಕಾಯಿ ತುರಿದು ಹಾಲು ಹಿಂಡಿ, ನಾವು ಕಾಣದ ಒಂದು ಬಿಳಿ ಸಾರು ಮಾಡುತ್ತಿದ್ದರು. ಅಪ್ಪ ಅದನ್ನು ಮೂಗು ಮುರಿದುಕೊಂಡೇ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಒಂದು ದಿನ ಕಾಯಿ ತುರಿಯುತ್ತಲೇ, ತಲೆ ಎತ್ತದೆ, ಅವರು ಅಮ್ಮನಿಗೆ ಹೇಳಿದರು. ಊರಿನ ಮೇಲೆ ಶೆಲ್ ಬೀಳತೊಡಗಿದಾಗ ಎಲ್ಲರೂ ಚರ್ಚಿನೊಳಗೆ ಓಡಿದರು. ಯಾರೋ ಭಯಕ್ಕೆ ಬಾಗಿಲಿಗೆ ಅಗಳಿ ಹಾಕಿದರು, ಎಲ್ಲರೂ ಕಣ್ಣು ಮುಚ್ಚಿ ಮೊಣಕಾಲೂರಿದರು. ಶೆಲ್ ಚಾವಣಿಗೇ ಬಿತ್ತು. ಬದುಕಿದ್ದವರು ಬಾಗಿಲಿಗೆ ನುಗ್ಗಿದರು. ಅದು ಒಳಮುಖವಾಗಿ ತೆರೆಯುವ ಬಾಗಿಲು. ಜನ ಒತ್ತಿದಷ್ಟೂ ಅದು ಬಿಗಿದುಕೊಂಡಿತು. ಅವರ ಗಂಡ, ಮಗ ಇಬ್ಬರೂ ಆ ಬಾಗಿಲ ಹಿಂದೆಯೇ ಹೋದರು. ಅವರೂ ಅವರ ಅತ್ತೆಯೂ ಕಿಟಕಿಯ ಹತ್ತಿರ ಇದ್ದವರು, ಉಳಿದರು.

ಅದಾದ ಮೇಲೆ ಆ ಜನ ಎಲ್ಲೇ ಸೇರಲಿ, ಕ್ಯಾಂಪಿನ ಶೆಡ್ಡಿರಲಿ ಬಾಡಿಗೆ ಕೋಣೆಯಿರಲಿ, ಬಾಗಿಲು ಮುಚ್ಚುವುದನ್ನು ಬಿಟ್ಟರು. ತಮ್ಮಲ್ಲಿ ಯಾರ ಮೇಲೆ ಎಲ್ಲರಿಗಿಂತ ಹೆಚ್ಚು ನಂಬಿಕೆಯಿದೆಯೋ ಅವರನ್ನು ಹೊಸ್ತಿಲಲ್ಲಿ ಕೂರಿಸುವ ರೂಢಿ ಬಂತು. ಪ್ರಾರ್ಥನೆ ನಡೆಸುವವರು ಅವರೇ, ಅಲ್ಲೇ ಕೂತು, ಕಣ್ಣು ತೆರೆದು. ಮಿಕ್ಕವರು ನಿಶ್ಚಿಂತೆಯಿಂದ ಕಣ್ಣು ಮುಚ್ಚುತ್ತಾರೆ. ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವವರು ಅವರಿಗೆ ಮುಂದಾಳು ಅಲ್ಲ, ಬಾಗಿಲಲ್ಲಿ ಕೂರುವವರು ಮುಂದಾಳು. ಇದಕ್ಕಿಂತ ಸರಿಯಾದ ಏರ್ಪಾಡನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ಈಗ ನಾನು ಕೆಲಸ ಮಾಡುವ ವೈಟ್‌ಫೀಲ್ಡಿನ ಆಫೀಸಿನಲ್ಲಿ ಆಗಾಗ ಯಾರೋ ಟ್ರೈನರ್ ಬಂದು, ಎ.ಸಿ. ರೂಮಿನಲ್ಲಿ ಸ್ಲೈಡು ಹಾಕಿ, ಲೀಡರ್ ಅಂದರೆ ಯಾರು ಎಂದು ನಮಗೆಲ್ಲ ಕಲಿಸುತ್ತಾನೆ. ಬಿಸ್ಕತ್ತು ತಿನ್ನುತ್ತಾ ಕೇಳಿಸಿಕೊಳ್ಳುತ್ತೇನೆ, ಮೈ ಉರಿಯುತ್ತಿರುತ್ತದೆ.

ಅವರಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಬಾಗಲಗುಂಟೆಯಲ್ಲಿ ತಮ್ಮದೇ ಒಂದು ಸಭೆ, ತಮ್ಮ ಭಾಷೆಯಲ್ಲಿ ಪ್ರಾರ್ಥನೆ, ತಮ್ಮವರ ಕೈಯಿಂದಲೇ ಪ್ರಭುಭೋಜನ. ಅದರಲ್ಲೂ ತವಮಣಿ ಅಕ್ಕನಿಗೆ ಇದು ಅವಸರದ್ದಾಗಿತ್ತು. ಅವರ ಅತ್ತೆ, ಎಲ್ಲರೂ ಮಾಮಿ ಅನ್ನುತ್ತಿದ್ದ ಮುದುಕಿ, ವಠಾರದ ಮೇಲುಗಡೆ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಆ ಚರ್ಚು ಬಿದ್ದ ದಿನದಿಂದ ಆಕೆ ರೊಟ್ಟಿ ಮುಟ್ಟಿರಲಿಲ್ಲ. ಸಾಯುವ ಮೊದಲು ಒಂದು ಸಲ ತಗೊಂಡು ಸಾಯುತ್ತೇನೆ, ಕೊಡುವವರ ಮಾತು ನನಗೆ ಅರ್ಥವಾಗಬೇಕು ಅನ್ನುತ್ತಿದ್ದಳು. ಅಪ್ಪ ಅಯ್ಯನವರಿಗೆ ಹೇಳಿ ನೋಡಿದರು. ಮುದುಕಿಯನ್ನು ಸಭೆಗೆ ಕರೆತನ್ನಿ ಅಂದರು ಅಯ್ಯನವರು. ಎದ್ದು ಕೂರಲಾಗದವಳು ಎಂದಾಗ, ಸರಿ, ಮುಂದಿನ ಸಲ ಬಂದಾಗ ನೋಡೋಣ ಅಂದರು. ಮುಂದಿನ ಸಲ ಮೆಟ್ಟಿಲುಗಳನ್ನು ನೋಡಿ, ಮಂಡಿ ನೋವು ಅಂದರು.

ಕೊನೆಗೆ ಆಫೀಸಿನವರೇ ಒಂದು ದಾರಿ ತೋರಿಸಿದರು. ಯುದ್ಧದಿಂದ ನೊಂದ ಜನರ ನಡುವೆ ಸ್ಥಳೀಯ ಮುಖಂಡರನ್ನು ತಯಾರು ಮಾಡುವ ತರಬೇತಿ ಎಂದು ದೊಡ್ಡ ಹೆಸರು ಕೊಟ್ಟರು. ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಹಾಲಿನಲ್ಲಿ ಪಾಠ, ಪಾಠ ಹೇಳುವವರು ಅದೇ ಅಯ್ಯನವರು, ಮಾತು ತಿರುಗಿಸುವವಳು ಅಮ್ಮ. ಪಾಸಾದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಸಭೆ ನಡೆಸುವ, ರೊಟ್ಟಿ ಕೊಡುವ ಅಧಿಕಾರ ಕೊಡುತ್ತಾರಂತೆ. ಆ ಸುದ್ದಿ ಕೇಳಿದ ದಿನ ತವಮಣಿ ಅಕ್ಕ ನಮ್ಮ ಅಡುಗೆಮನೆಯಲ್ಲಿ ನಕ್ಕದ್ದು ನೆನಪಿದೆ. ಅವರ ಹಲ್ಲು ನಾನು ನೋಡಿದ್ದು ಅವತ್ತೇ.

ತರಬೇತಿ ಅಂದರೆ ಏನು ಕಲಿಸಿದರೆಂದು ಕೇಳಿ. ಸಭೆಯಲ್ಲಿ ಬೋಧಿಸುವ ಪ್ರಸಂಗಕ್ಕೆ ಮೂರು ತಲೆಬರಹ ಇರಬೇಕು. ನಿಲ್ಲುವಾಗ ಎದೆ ಮುಂದಿರಬೇಕು. ಜನರ ಮುಂದೆ ಅಂಜಬಾರದು. ಪ್ರಾರ್ಥನೆಯಲ್ಲಿ ಕಣ್ಣು ತೆರೆಯುವವನ ಮನಸ್ಸು ಲೋಕದಲ್ಲಿರುತ್ತದೆ. ಸೈನ್ಯ ಕಂಡವರಿಗೆ, ಕಾಡಿನಲ್ಲಿ ಹೆಣ ಹೂತು ಬಂದವರಿಗೆ ಇವರು ಅಂಜಬಾರದೆಂದು ಕಲಿಸಿದರು! ಬಂದವರೆಲ್ಲ ನಿದ್ದೆಗೆಟ್ಟವರು, ಶನಿವಾರದ ಅರ್ಧ ದಿನ ರಜ ಕೇಳಿ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡು ಬಂದವರು. ಆದರೂ ವಿನಯವಾಗಿ ತಲೆ ಅಲ್ಲಾಡಿಸಿದರು. ತವಮಣಿ ಅಕ್ಕ ಎಂದಿನಂತೆ ಹೊಸ್ತಿಲಲ್ಲಿ. ಅವರ ಗುಂಪಿನ ಅಂತೋಣಿ ಅಣ್ಣ, ಪ್ಲೇಟಿಂಗ್ ಯೂನಿಟ್ಟಿನಲ್ಲಿದ್ದ ಎತ್ತರದ ಆಳು, ಕಿವಿ ಮಂದವಾದ್ದರಿಂದ ಎದುರುಸಾಲಿನಲ್ಲಿ ಕೂರುತ್ತಿದ್ದ. ಅಷ್ಟಕ್ಕೇ ಅಯ್ಯನವರು, ಇವನೇ ಇವರ ಲೀಡರ್ ಎಂದು ತೀರ್ಮಾನಿಸಿಬಿಟ್ಟರು. ಎಲ್ಲ ಪ್ರಶ್ನೆ ಅಂತೋಣಿಗೆ. ಅಂತೋಣಿ ಪ್ರತಿ ಸಲ ತಿರುಗಿ ಬಾಗಿಲ ಕಡೆ ನೋಡಿ, ಅಕ್ಕ ತಲೆಯಾಡಿಸಿದ ಮೇಲೆ ಉತ್ತರ ಕೊಡುತ್ತಿದ್ದ. ಆರು ವರ್ಷದ ನನ್ನ ತಮ್ಮನಿಗೂ ಅದು ಗೊತ್ತಾಗಿತ್ತು. ಅಯ್ಯನವರಿಗೆ ಗೊತ್ತಾಗಲಿಲ್ಲ. ಒಂದು ಶನಿವಾರ ಅಮ್ಮನಿಗೆ ಹೇಳಿದರು.

"ಆ ಬಾಗಿಲ ಹತ್ರ ಕೂರೋ ಹೆಂಗಸಿಗೆ ಕಾನ್ಸಂಟ್ರೇಷನ್ನೇ ಇಲ್ಲ ರೆಬೆಕಮ್ಮ. ಬೀದಿ ನೋಡ್ತಾ ಇರ್ತಾಳೆ. ಸುಮ್ನೆ ಇಲ್ಲಿ ಕೂರೋ ಬದಲು ನಿಮ್ಗೆ ಅಡುಗೇಲಿ ಹೆಲ್ಪ್ ಮಾಡ್ಲಿ ಬಿಡಿ."

"ಅಡುಗೆ ಆಗಿದೆ ಅಯ್ನೋರೇ" ಅಂದಳು ಅಮ್ಮ.

"ಹಾಗಾದ್ರೆ ಬಡಿಸ್ಲಿ."

ಊಟದ್ದೂ ಒಂದು ಕತೆ. ಅಯ್ಯನವರಿಗೆ ಮೊದಲು, ಮೇಜಿನ ಮೇಲೆ, ಕೋಳಿ ಸಾರಿನ ಒಳ್ಳೆಯ ತುಂಡುಗಳೊಂದಿಗೆ. ಅವರು ಕೈ ತೊಳೆದು, ಹಲ್ಲು ಕೆದಕಿ, ಕುರ್ಚಿಯಲ್ಲಿ ಹಿಂದಕ್ಕೊರಗಿದ ಮೇಲೆ ಮಿಕ್ಕವರಿಗೆ ನೆಲದ ಮೇಲೆ. ಇದು ನಮ್ಮ ಮನೆಯಲ್ಲಿ ಮೊದಲಿನಿಂದ ನಡೆದುಬಂದದ್ದು, ಯಾರೂ ಪ್ರಶ್ನಿಸಿರಲಿಲ್ಲ. ಅವತ್ತು ಅಮ್ಮ ಎಲ್ಲರಿಗೂ ಒಟ್ಟಿಗೇ ನೆಲದ ಮೇಲೆ ತಟ್ಟೆ ಹಾಕಿದಳು, ಮೇಜಿನ ಮೇಲೆ ಒಂದೂ ಇಡಲಿಲ್ಲ. ಅಯ್ಯನವರು ಮಂಡಿ ನೋವಿನ ನಡುವೆಯೂ ಕೂತು ಉಂಡರು. ಕೈ ತೊಳೆದವರೇ ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟರು. ಅವರು ಬೀದಿ ತಿರುಗಿದ್ದೇ ತಡ, ಅಪ್ಪನಿಗೂ ಅಮ್ಮನಿಗೂ ಜೋರಾಗಿ ಜಗಳ ಹತ್ತಿಕೊಂಡಿತು.

"ಲೇ, ದೊಡ್ಡೋರಿಗೆ ಅಂಗಾ ಮಾಡದು? ನಾಳೆ ದಿನ ನನ್ನೇ ಕೇಳ್ತಾರೆ ಅವ್ರು."

"ಕೇಳ್ಲಿ. ಕೇಳ್ದಾಗ ನೀವೂ ಒಂದು ಮಾತು ಹೇಳಿ. ತವಮಣಿ ಯಾಕೆ ಬಾಗಿಲಲ್ಲಿ ಕೂರ್ತಾಳೆ, ಅವ್ರಿಗೆಲ್ಲ ಅವಳು ಏನು ಅಂತ ಒಂದ್ಸಲ ಬಾಯಿಬಿಟ್ಟು ಹೇಳ್ರೀ. ನಾನು ಹೇಳಿದ್ರೆ ಹೆಂಗಸ್ರ ಮಾತು ಅಂತಾರೆ."

"ನಾನ್ ಏನ್ ಯೋಳಾನ? ಅವ್ರು ಓದಿದೋರು."

"ಓದಿದೋರಿಗೆ ಕಣ್ಣು ಕಾಣ್ಸಲ್ವಾ?"

ಅಪ್ಪ ಟವೆಲ್ಲು ಕೊಡವಿಕೊಂಡು ಆಚೆ ಹೋದರು. ಅಪ್ಪ ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರ ಬಾಯಿಗೆ ಬೀಗ ಬೀಳುವುದು ಇಂಥ ಹೊತ್ತಿನಲ್ಲೇ, ಅದನ್ನು ನಾನು ಆ ಮನೆಯಲ್ಲೇ ನೋಡಿ ಕಲಿತೆ. ಹುಡುಗಿಯಾಗಿದ್ದ ನನಗೆ ಅಯ್ಯನವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅಪ್ಪನ ಮೇಲೆ ಬಂದಿತ್ತು.

ಪರೀಕ್ಷೆಯ ಶನಿವಾರ ಬಂತು. ಆಫೀಸಿನ ಇಬ್ಬರು ಹಿರಿಯರನ್ನು ಜೊತೆಗೆ ಕರೆದುಕೊಂಡು ಅಯ್ಯನವರು ಕಾರಿನಲ್ಲಿ ಬಂದಿಳಿದರು. ಪಕ್ಕದ ಲೇತಿನವರು ಅವತ್ತು ಅರ್ಜೆಂಟ್ ಕೆಲಸ ಹಿಡಿದಿದ್ದರು, ಕಿರ್ರೋ ಎಂಬ ಸದ್ದು ಹಾಲನ್ನೇ ಕೊರೆಯುತ್ತಿತ್ತು. ಒಬ್ಬೊಬ್ಬರೂ ಎದುರು ಬಂದು ಪ್ರಾರ್ಥನೆ ನಡೆಸಿ ತೋರಿಸಬೇಕು. ತವಮಣಿ ಅಕ್ಕ ಅವತ್ತು ಗಂಜಿ ಹಾಕಿದ ಸೀರೆ ಉಟ್ಟು ಬಂದಿದ್ದರು. ಅವರ ಸರದಿ ಬಂದಾಗ ಎದುರಿಗೆ ಬರಲಿಲ್ಲ, ಹೊಸ್ತಿಲಲ್ಲೇ ನೆಟ್ಟಗೆ ಕೂತು ಎಲ್ಲರಿಗೂ ಕಣ್ಣು ಮುಚ್ಚಲು ಸನ್ನೆ ಮಾಡಿದರು. ಅವರ ಜನ ತಕ್ಷಣ ಕಣ್ಣು ಮುಚ್ಚಿದರು. ಅಯ್ಯನವರು ಎದ್ದು ನಿಂತರು.

"ಮೊದ್ಲು ಆ ಬಾಗಿಲು ಹಾಕಿ. ಇದೇನು ಸಂತೆನಾ? ನೀನು ಇಲ್ಲಿ ಮುಂದೆ ಬಾಮ್ಮ. ಕಣ್ಣು ಮುಚ್ಚಿ ಮಾಡು."

ಯಾರೂ ಏಳದಿದ್ದಾಗ ತಾವೇ ಹೋಗಿ, ಅಕ್ಕನನ್ನು ಹೊಸ್ತಿಲಿನಿಂದ ಒಳಕ್ಕೆ ಸರಿಸಿ, ಬಾಗಿಲು ಮುಚ್ಚಿ ಎರಡೂ ಚಿಲಕ ಹಾಕಿದರು. ತವಮಣಿ ಅಕ್ಕನ ಮುಖ ಬಿಳಿಚಿಕೊಂಡಿತು. ಆದರೂ ಗಾರ್ಮೆಂಟ್ಸಿನಲ್ಲಿ ಕಲಿತ ಅರೆಬರೆ ಕನ್ನಡದಲ್ಲೇ ಕೇಳಿಕೊಂಡರು.

"ಅಯ್ಯಾ, ಮುಂದೆ ಬರ್ತೀನಿ. ನಿಲ್ತೀನಿ. ನೀವು ಹೇಳಿದ್ದು ಎಲ್ಲಾ ಮಾಡ್ತೀನಿ. ಬಾಗಿಲು ಮಾತ್ರ ಬೇಡ ಅಯ್ಯಾ."

ಒಬ್ಬ ಮನುಷ್ಯ ಇಷ್ಟು ಕೇಳಿದ ಮೇಲೆ ಎದ್ದು ಚಿಲಕ ತೆಗೆಯಲು ಯಾವ ಓದು ಬೇಕು? ಅಯ್ಯನವರು ಜೊತೆಗೆ ಬಂದ ಹಿರಿಯರ ಕಡೆ ತಿರುಗಿ, ನೋಡಿದಿರಾ ಅನ್ನುವ ಹಾಗೆ ನಕ್ಕು, ಅಮ್ಮನಿಗೆ ಹೇಳಿದರು.

"ಭಯ ಇನ್ನೂ ಹೋಗಿಲ್ಲ ಅಂದ್ರೆ ನಂಬಿಕೆ ಬಂದಿಲ್ಲ ಅಂತ ಅರ್ಥ. ಮನಸ್ಸಲ್ಲಿ ದ್ವೇಷ ಇಟ್ಕೊಂಡೋರಿಗೇ ಹೀಗಾಗೋದು. ಕೇಳಿ ರೆಬೆಕಮ್ಮ, ಇವಳು ಯಾರನ್ನ ಇನ್ನೂ ಕ್ಷಮಿಸಿಲ್ಲ ಅಂತ ಕೇಳಿ. ಯುದ್ಧದಲ್ಲಿ ಶೆಲ್ ಹಾಕಿದೋರನ್ನ ಕ್ಷಮಿಸಿದೀನಿ ಅಂತ ಈಗ ಎಲ್ಲರ ಮುಂದೆ ಹೇಳ್ಲಿ. ಆಮೇಲೆ ಪಾಸು ಮಾಡೋದು ನೋಡೋಣ."

ಅಮ್ಮ ತವಮಣಿ ಅಕ್ಕನನ್ನು ನೋಡಿದಳು. ಆಮೇಲೆ ಅಯ್ಯನವರನ್ನು ನೋಡಿದಳು.

"ನಾನು ಕೇಳಲ್ಲ" ಅಂದಳು.

"ಏನು?"

"ಕೇಳಲ್ಲ ಅಯ್ನೋರೇ. ಗಂಡನ್ನ, ಮಗನ್ನ ಒಂದೇ ದಿನ ಕಳ್ಕೊಂಡೋಳು ಅವಳು. ಪಾಸು ಮಾಡೋಕೆ ಅಂತ ಅದನ್ನ ಬಾಯಿ ಬಿಡಿಸೋದಾದ್ರೆ ನೀವೇ ತಮಿಳು ಕಲ್ತು ಕೇಳ್ಕೊಳ್ಳಿ. ನನ್ನ ಬಾಯಲ್ಲಿ ಆ ಮಾತು ಬರಲ್ಲ."

ಇಷ್ಟು ಹೇಳಿ ಅಮ್ಮ ಹೋಗಿ ಎರಡೂ ಚಿಲಕ ತೆಗೆದಳು. ಅಯ್ಯನವರು ಅಪ್ಪನ ಕಡೆ ತಿರುಗಿದರು. ದಾಸಪ್ಪ, ನಿಮ್ಮ ಮನೆಯವರಿಗೆ ಸ್ವಲ್ಪ ಹೇಳಿ ಅಂದರು. ಅಪ್ಪ ನೆಲ ನೋಡುತ್ತ ನಿಂತಿದ್ದರು. ಅಮ್ಮನಿಗೂ ಏನೂ ಹೇಳಲಿಲ್ಲ, ಅಯ್ಯನವರಿಗೂ ಏನೂ ಹೇಳಲಿಲ್ಲ. ಅಪ್ಪಾ, ಒಂದು ಮಾತು, ಒಂದೇ ಒಂದು ಮಾತು ಎಂದು ನಾನು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. ಬರಲಿಲ್ಲ.

ಹಿರಿಯರು ಪಿಸುಪಿಸು ಮಾತಾಡಿಕೊಂಡು ಅಂತೋಣಿ ಪಾಸು ಎಂದರು. ಅವನು ಮುಂದೆ ಬಂದು ಮೊಣಕಾಲೂರಲಿ, ಕೈಯಿಡುತ್ತೇವೆ ಅಂದರು. ಅಂತೋಣಿ ಅಣ್ಣನಿಗೆ ಅಮ್ಮ ಗಟ್ಟಿಯಾಗಿ ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಆತ ಕೂತಲ್ಲೇ ತಲೆ ಅಡ್ಡಡ್ಡ ಆಡಿಸಿ, ತಮಿಳಿನಲ್ಲಿ ಉದ್ದಕ್ಕೆ ಏನೋ ಅಂದ. ಇದನ್ನು ತಿರುಗಿಸಿ ಹೇಳಲು ಅಮ್ಮನಿಗೆ ಯಾವ ತೊಂದರೆಯೂ ಆಗಲಿಲ್ಲ.

"ತವಮಣಿ ಅಕ್ಕ ಬಾಗಿಲಲ್ಲಿ ಇದ್ದಿದ್ದಕ್ಕೇ ಕ್ಯಾಂಪಲ್ಲಿ ನಾವೆಲ್ಲ ರಾತ್ರಿ ಮಲಗಿದ್ದು ಅಂತಾರೆ. ಅವಳ ಜಾಗಕ್ಕೆ ನಾನು ಹೋಗಲ್ಲ, ನನ್ನ ತಲೆ ಮೇಲೆ ಯಾರ ಕೈಯೂ ಬೇಡ ಅಂತಾರೆ."

ಅಯ್ಯನವರು ಕೆಂಡಾಮಂಡಲವಾದರು. ಈ ಜನ ಇನ್ನೂ ತಯಾರಾಗಿಲ್ಲ ಎಂದು ಅಲ್ಲೇ ತೀರ್ಪು ಕೊಟ್ಟರು. ತರಬೇತಿ ಮುಗಿಯಿತು, ಬೇರೆ ಸಭೆಯ ಮಾತಿಲ್ಲ, ಎಲ್ಲರೂ ಕನ್ನಡ ಸಭೆಗೇ ಬಂದು ಕೂರಲಿ ಅಂದು ಕಾರು ಹತ್ತಿದರು. ಅಮ್ಮ ಮಾಡಿಟ್ಟಿದ್ದ ಬಿರಿಯಾನಿಯನ್ನು ಆ ಜನ ಸದ್ದಿಲ್ಲದೆ ಉಂಡರು. ತವಮಣಿ ಅಕ್ಕ ಉಣ್ಣಲಿಲ್ಲ. ಮಾಮಿಗೆ ಏನು ಹೇಳಲಿ ಎಂದು ಅಮ್ಮನನ್ನು ಒಮ್ಮೆ ಕೇಳಿದರು, ಅಷ್ಟೆ. ತಯಾರಾಗಿಲ್ಲವಂತೆ! ಯಾರು ತಯಾರಾಗಿರಲಿಲ್ಲ ಎಂದು ಇಷ್ಟು ವರ್ಷದ ಮೇಲೂ ನೆನೆದಾಗ ನನ್ನ ಕಿವಿ ಬಿಸಿಯಾಗುತ್ತದೆ.

ಆ ಜನ ಕನ್ನಡ ಸಭೆಗೆ ಬರಲಿಲ್ಲ. ಬಾಗಲಗುಂಟೆಯ ಆ ಮೇಲುಗಡೆ ಕೋಣೆಯಲ್ಲೇ ಸೇರತೊಡಗಿದರು. ಮಾಮಿಗೆ ಗಂಟಲಲ್ಲಿ ಗಂಜಿಯೂ ಇಳಿಯದಂತಾಗಿದೆ ಎಂಬ ಸುದ್ದಿ ಬಂತು. ಅದರ ಹಿಂದೆಯೇ, ಬರುವ ಭಾನುವಾರ ತವಮಣಿ ಅಕ್ಕ ತಾವೇ ರೊಟ್ಟಿ ಮುರಿದು ಕೊಡುತ್ತಾರಂತೆ ಎಂಬ ಸುದ್ದಿಯೂ ಬಂತು. ನಮ್ಮ ಸಭೆಯ ಯಾರೋ ಪುಣ್ಯಾತ್ಮರು ಅದನ್ನು ಸಿಟಿಗೆ ಮುಟ್ಟಿಸಿದರು. ಅಯ್ಯನವರು ಅಪ್ಪನ ಮೊಬೈಲಿಗೆ ಫೋನು ಮಾಡಿದರು. ಪಕ್ಕದಲ್ಲಿದ್ದ ನನಗೂ ಕೇಳಿಸುವಷ್ಟು ಜೋರು ದನಿ.

"ನೀವೇ ಹೋಗಿ ನಿಲ್ಲಿಸ್ಬೇಕು ದಾಸಪ್ಪ. ಅಧಿಕಾರ ಇಲ್ದೆ ಕೊಟ್ರೆ ಅದು ಪ್ರಭುಭೋಜನ ಅಲ್ಲ, ನಾಟಕ. ನಿಲ್ಲಿಸ್ಲಿಲ್ಲ ಅಂದ್ರೆ ನಿಮ್ಮ ವಿಚಾರಾನೂ ಯೋಚ್ನೆ ಮಾಡ್ಬೇಕಾಗುತ್ತೆ."

ಆ ಭಾನುವಾರ ಅಪ್ಪ ನಮ್ಮ ಸಭೆಯನ್ನು ಬೇಗ ಮುಗಿಸಿ ಸೈಕಲ್ಲು ತೆಗೆದರು. ಅಮ್ಮ ಜಗಳ ಮಾಡುತ್ತಾಳೆಂದು ನಾನು ಕಾದೆ. ಅವಳು ನನ್ನ ಜಡೆಯ ಟೇಪನ್ನು ಸರಿಮಾಡಿ, ಅಪ್ಪನ ಮುಖ ನೋಡದೆ ಹೇಳಿದಳು.

"ಇವಳನ್ನೂ ಕರ್ಕೊಂಡು ಹೋಗಿ. ಅಪ್ಪ ಏನು ಮಾಡಿದ್ರು ಅಂತ ಇವಳೂ ನೋಡ್ಲಿ."

ದಾರಿಯುದ್ದಕ್ಕೂ ಕ್ಯಾರಿಯರ್ ಮೇಲೆ ಕೂತ ನನಗೆ ಅಪ್ಪನ ಬೆನ್ನಿಗೆ ಅಂಟಿದ ಬಿಳಿ ಶರ್ಟು ಮಾತ್ರ ಕಾಣುತ್ತಿತ್ತು. ವಠಾರದ ಮೆಟ್ಟಿಲು ಹತ್ತಿದೆವು. ಕೋಣೆಯ ಬಾಗಿಲು ಹಾರುಹೊಡೆದಿತ್ತು, ಹೊಸ್ತಿಲಲ್ಲಿ ತವಮಣಿ ಅಕ್ಕ. ಪಕ್ಕದಲ್ಲಿ ಬಟ್ಟೆ ಹಾಸಿದ ಮಣೆಯ ಮೇಲೆ ಬೇಕರಿಯ ಒಂದು ಬನ್ನು, ಸ್ಟೀಲ್ ಲೋಟದಲ್ಲಿ ಕಪ್ಪು ದ್ರಾಕ್ಷಿ ಕುದಿಸಿ ಸೋಸಿದ ರಸ. ಒಳಗೆ ಗೋಡೆಗೊತ್ತಿ ಮಾಮಿಯ ಹಾಸಿಗೆ, ಸುತ್ತ ಜನ. ಹಾಡು ನಿಂತಿತು. ಅಪ್ಪ ಯಾಕೆ ಬಂದಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಅಂತೋಣಿ ಅಣ್ಣ ಎದ್ದು ನಿಂತ. ತವಮಣಿ ಅಕ್ಕ ಕೈಯೆತ್ತಿ ಅವನನ್ನು ಕೂರಿಸಿ, ಪಕ್ಕಕ್ಕೆ ಸರಿದು ನಮಗೆ ಒಳಗೆ ಹೋಗಲು ದಾರಿ ಬಿಟ್ಟರು.

"ಉಪದೇಶಿ ಅಣ್ಣ, ನಿಲ್ಲಿಸೋಕೆ ಬಂದ್ರಾ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದಲು ಮಾಮಿಗೆ ಕೊಡ್ತೀನಿ. ಆಮೇಲೆ ನೀವು ಹೇಳಿ. ನಾನು ಕೇಳ್ತೀನಿ."

ಅಕ್ಕ ಅಪ್ಪನ ಉತ್ತರಕ್ಕೆ ಕಾಯಲಿಲ್ಲ. ಬನ್ನು ಮುರಿದು, ಪ್ರಭುಭೋಜನದ ಮಾತನ್ನು ತಮಿಳಿನಲ್ಲೇ ಹೇಳಿ, ಒಂದು ಚೂರನ್ನು ರಸದಲ್ಲಿ ಅದ್ದಿ ಮೆತ್ತಗೆ ಮಾಡಿ ಮಾಮಿಯ ಬಾಯಿಗಿಟ್ಟರು. ಅಂತೋಣಿ ಅಣ್ಣ ಆ ಹೊತ್ತಿಗೆ ಹೊಸ್ತಿಲಲ್ಲಿ ಹೋಗಿ ಕೂತಿದ್ದ. ಮುದುಕಿ ಬಹಳ ಹೊತ್ತು ಚೀಪಿದಳು. ನುಂಗಲಾಗದೆ ಕೆಮ್ಮಿದಳು, ಸೊಸೆ ಬೆನ್ನು ನೀವಿದರು, ಕೊನೆಗೂ ಇಳಿಯಿತು. ಆಕೆ ಸೊಸೆಯ ಕೈ ಹಿಡಿದುಕೊಂಡು, ಗಟ್ಟಿಯಾಗಿ, ಆ ಮೈಯಲ್ಲಿ ಅಷ್ಟು ದನಿ ಎಲ್ಲಿತ್ತೋ, ಆಮೆನ್ ಅಂದಳು. ನನ್ನ ಪಕ್ಕದಲ್ಲಿ ಸಿಮೆಂಟ್ ನೆಲಕ್ಕೆ ಏನೋ ಕುಸಿದಂತಾಯಿತು. ತಿರುಗಿ ನೋಡಿದರೆ ಅಪ್ಪ ಮೊಣಕಾಲೂರಿದ್ದರು. ಬಲ ಅಂಗೈಯನ್ನು ಎಡಗೈಯ ಮೇಲಿಟ್ಟು ತವಮಣಿ ಅಕ್ಕನ ಕಡೆ ಚಾಚಿದ್ದರು.

ಮಾಮಿ ಆ ವಾರವೇ ತೀರಿಕೊಂಡಳು. ಅಪ್ಪನನ್ನು ಉಪದೇಶಿ ಕೆಲಸದಿಂದ ತೆಗೆದು, ನಮ್ಮ ಮನೆಯ ಸಭೆಯನ್ನು ಬೇರೆ ಕಡೆಗೆ ಸಾಗಿಸುವುದೆಂದು ಸಿಟಿಯಲ್ಲಿ ತೀರ್ಮಾನವಾಯಿತು. ಅದನ್ನು ಹೇಳಲು ಅಯ್ಯನವರೇ ಬಂದರು. ಅಮ್ಮ ಕುರ್ಚಿ ಹಾಕಿದಳು, ಅವರು ಕೂರಲಿಲ್ಲ. ಹೇಳುವುದನ್ನೆಲ್ಲ ಹೇಳಿದ ಮೇಲೂ ಸಮಾಧಾನವಾಗದೆ ಅಪ್ಪನನ್ನು ಕೇಳಿದರು.

"ನಿಲ್ಲಿಸೋಕೆ ಕಳ್ಸಿದ್ರೆ ನೀವೇ ಕೈ ಚಾಚಿದ್ರಂತೆ? ಇಷ್ಟು ವರ್ಷ ನಮ್ಮ ಜೊತೆ ಇದ್ದು, ಆ ಹೆಂಗಸಿನ ಕೈಯಿಂದ ತಗೊಂಡ್ರಾ?"

"ತಗೊಂಡೆ ಅಯ್ನೋರೇ."

"ಯಾಕೆ? ನಾನು ಕೊಟ್ಟಿದ್ದು ಸಾಲ್ದಾಯ್ತಾ?"

ಅಪ್ಪ ಅವತ್ತು ನೆಲ ನೋಡಲಿಲ್ಲ.

"ವರ್ಸಗಟ್ಲೆ ನಿಮ್ ಕೈಯಿಂದ ತಗೊಂಡೆ" ಅಂದರು. "ಅವತ್ತು ಆಯಮ್ಮನ ಕೈಯಿಂದ ತಗೊಂಡಾಗ ಗೊತ್ತಾಯ್ತು ಅಯ್ನೋರೇ, ಅಲ್ಲೀಗಂಟ ನಾನು ಒಟ್ಟೆ ಅಸ್ಕೊಂಡೇ ಇದ್ದೆ ಅಂತ."